ಹುಂಜದ ಗರಿಗೆ ಮನೆಯಲ್ಲೇ ಬಣ್ಣ



ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ನೋಡಿ ಬಂದವರಿಗೆ ಅದರ ಪಕ್ಕದ ಕೆರೆಯೂ ನೆನಪಿರಬಹುದು. ಹಾಸನ ಸೀಮೆಯ ಕೆರೆ ಏರಿಗಳ ಮೇಲೆ ಗಾಳ ಹಿಡಿದು ಕುಳಿತವರು ಸಾಮಾನ್ಯವಾಗಿ ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರೆ. ಹುಳುವಿನ ಬದಲು ಗರಿ ಮತ್ತು ನೂಲನ್ನು ಕೊಕ್ಕೆಗೆ ಸುತ್ತಿ, ನೀರಿಗೆ ಬಿದ್ದ ನೊಣದಂತೆ ಕಾಣುವ ಕೃತಕ ನೊಣವನ್ನು ಕಟ್ಟುವ ಹವ್ಯಾಸವೂ ಉಂಟು. ಇದಕ್ಕೆ ‘ಫ್ಲೈ ಟೈಯಿಂಗ್’ ಎಂದು ಹೆಸರು.

ಈ ಕಲೆಗೂ ನಮ್ಮ ಮಲೆನಾಡಿಗೂ ಹಳೆಯ ನಂಟಿದೆ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಹುಂಜಕ್ಕೆ ಕತ್ತಿನ ಗರಿಗಳಲ್ಲಿ ಅರಗು ಬಳಿದಂತೆ ಹೊಳೆಯುವ ಹಳದಿ, ಬಿಳಿ ಚುಕ್ಕೆಗಳಿರುತ್ತವೆ. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವವರು 19ನೆಯ ಶತಮಾನದಿಂದಲೇ ಈ ಗರಿಗೆ ಮುಗಿಬಿದ್ದರು. ಅದಕ್ಕಾಗಿ ಕಾಡುಕೋಳಿಗಳ ಬೇಟೆಯೂ ನಡೆಯಿತು. 1960ರ ದಶಕದ ಕೊನೆಯಲ್ಲಿ ಭಾರತ ಈ ಗರಿಯ ರಫ್ತನ್ನು ನಿಲ್ಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಈ ಹಕ್ಕಿಗಿದೆ. ಒಂದು ಚಂದದ ಗರಿಯ ಆಸೆಗೆ ಉರುಳು ಒಡ್ಡುವುದು ಅಪರಾಧ. ಹಾಗೆ ಮಾಡುವ ಅಗತ್ಯವೂ ಇಲ್ಲ. ಬಣ್ಣ ಹಾಕುವುದನ್ನು ಕಲಿತರೆ ಮನೆಯ ಕೋಳಿಯ ಗರಿಯೇ ಸಾಕು.

ಎಂಥ ಗರಿ ಬೇಕು?

ನಾಟಿ ಹುಂಜದ ಕತ್ತಿನ ಗರಿ ಉದ್ದವಾಗಿ, ಬಿರುಸಾಗಿ ಇರುತ್ತದೆ. ನೀರಿನ ಮೇಲೆ ತೇಲುವ ನೊಣಕ್ಕೆ ಅದು ಒಳ್ಳೆಯದು. ಹೇಂಟೆಯ ಗರಿ ಮೃದು, ನೀರು ಹೀರುತ್ತದೆ. ಮುಳುಗುವ ನೊಣಕ್ಕೆ ಸರಿ. ಬ್ರಾಯ್ಲರ್ ಕೋಳಿ ಬಲಿಯುವ ಮೊದಲೇ ಕತ್ತಿಗೆ ಸಿಗುವುದರಿಂದ ಅದರಲ್ಲಿ ಉದ್ದ ಗರಿ ಸಿಗದು. ಬಣ್ಣ ಚೆನ್ನಾಗಿ ಏರಬೇಕಾದರೆ ಬಿಳಿ ಗರಿಯನ್ನೇ ಆರಿಸಿ.

ಬಣ್ಣ ಹೇಗೆ ಹಿಡಿಯುತ್ತದೆ?

ಗರಿ ಹತ್ತಿಯಂತಲ್ಲ, ಉಣ್ಣೆ ಮತ್ತು ರೇಷ್ಮೆಯಂತೆ ಪ್ರೋಟೀನಿನಿಂದಾದ ವಸ್ತು. ಆದ್ದರಿಂದ ಹತ್ತಿ ಬಟ್ಟೆಯ ಬಣ್ಣ ಇದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಉಣ್ಣೆ, ರೇಷ್ಮೆಗೆ ಹಾಕುವ ‘ಆಸಿಡ್’ ಬಣ್ಣವೇ ಬೇಕು. ಹುಳಿ ಮತ್ತು ಬಿಸಿ ಎರಡೂ ಸೇರಿದಾಗ ಬಣ್ಣ ಗರಿಗೆ ಅಂಟಿಕೊಳ್ಳುತ್ತದೆ.

ಗರಿಯ ಮೇಲೆ ಜಿಡ್ಡಿದ್ದರೆ ಬಣ್ಣ ಒಳಗಿಳಿಯದೆ ಮಚ್ಚೆ ಮಚ್ಚೆಯಾಗುತ್ತದೆ. ಮೊದಲು ಅಂಟುವಾಳದ ನೊರೆಯಲ್ಲೋ ಶಾಂಪೂವಿನಲ್ಲೋ ತೊಳೆದು, ಚೆನ್ನಾಗಿ ಜಾಲಿಸಿ, ಅರ್ಧ ಗಂಟೆ ನೀರಿನಲ್ಲಿ ನೆನೆಯಿಡಿ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು ಕಾಯಿಸಿ ಬಣ್ಣ ಕರಗಿಸಿ. ಒದ್ದೆ ಗರಿಗಳನ್ನು ಹಾಕಿ, ಐದು ನಿಮಿಷದ ಮೇಲೆ ಎರಡು ಮೂರು ದೊಡ್ಡ ಚಮಚ ವಿನಿಗರ್ ಬೆರೆಸಿ. ನೀರು ಹಬೆಯಾಡಲಿ, ಕುದಿಯಬಾರದು. 60ರಿಂದ 70 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿಸಿದರೆ ಗರಿ ಸುರುಟಿಕೊಂಡು ಕೆಡುತ್ತದೆ. ಹದಿನೈದರಿಂದ ಮೂವತ್ತು ನಿಮಿಷ ಮೆಲ್ಲಗೆ ತಿರುವುತ್ತಿರಿ.

ಒದ್ದೆ ಗರಿಯ ಬಣ್ಣ ಗಾಢವಾಗಿ ಕಾಣುತ್ತದೆ. ಒಂದನ್ನು ತೆಗೆದು ಕಾಗದದ ಮೇಲೆ ಒತ್ತಿ ಆರಿಸಿ ನೋಡಿ. ಬೇಕಾದ ಬಣ್ಣ ಬಂದಿದ್ದರೆ, ತಿಳಿನೀರು ಬರುವವರೆಗೆ ತೊಳೆದು, ಹಳೆಯ ದಿಂಬಿನ ಚೀಲದಲ್ಲಿ ಹಾಕಿ ನೆರಳಲ್ಲಿ ತೂಗುಬಿಡಿ. ಆಗಾಗ ಕೊಡವಿದರೆ ಗರಿಯ ಎಳೆಗಳು ಬಿಡಿಸಿಕೊಳ್ಳುತ್ತವೆ.

ಅಡಿಗೆಮನೆಯ ಬಣ್ಣಗಳು

ಅರಿಶಿನ ಒಳ್ಳೆಯ ಹಳದಿ ಕೊಡುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಓಕುಳಿ ಆಡಿದವರಿಗೆಲ್ಲ ಗೊತ್ತು. ಬಟ್ಟೆ ಸೋಪಿನ ಕ್ಷಾರವೂ ಹಾಗೆಯೇ ಬಣ್ಣ ಬದಲಿಸುತ್ತದೆ. ಈರುಳ್ಳಿ ಸಿಪ್ಪೆಯ ಕಷಾಯಕ್ಕೆ ಚಿಟಿಕೆ ಪಟಿಕ ಸೇರಿಸಿದರೆ ಹೊಂಬಣ್ಣ, ಚಹಾಪುಡಿಯಿಂದ ಕಂದು. ಅಡಿಕೆ ಬೇಯಿಸುವ ಮನೆಯಲ್ಲಿ ಚೊಗರು ಸಿಕ್ಕರೆ ಕೆಂಗಂದು ಬಣ್ಣ ಬರುತ್ತದೆ. ತುಕ್ಕು ಮೊಳೆಯನ್ನು ವಿನಿಗರ್‌ನಲ್ಲಿ ನೆನೆಸಿದ ನೀರನ್ನು ಚಹಾ ಅಥವಾ ಚೊಗರಿಗೆ ಕೆಲವೇ ಹನಿ ಬಿಟ್ಟರೆ ಅದೇ ಬಣ್ಣ ಬೂದಿಗೆ ತಿರುಗುತ್ತದೆ. ಕೆರೆಯ ನೊಣ, ಸೊಳ್ಳೆಗಳ ಬಣ್ಣವೂ ಹೆಚ್ಚಾಗಿ ಕಂದು, ಬೂದುಗಳೇ ಅಲ್ಲವೇ?

ಬಣ್ಣಕ್ಕೆ ಬಳಸಿದ ಪಾತ್ರೆ, ಚಮಚಗಳನ್ನು ಮತ್ತೆ ಅಡಿಗೆಗೆ ಬಳಸಬೇಡಿ. ಬಣ್ಣದ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಉಳಿದ ಬಣ್ಣದ ನೀರನ್ನು ಕೆರೆಗೆ ಚೆಲ್ಲಬೇಡಿ. ಒಣಗಿದ ಗರಿಗೆ ಹುಳು ಬೀಳದಂತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಕೆರೆಯ ಮೀನನ್ನು ಗುತ್ತಿಗೆಗೆ ಕೊಟ್ಟಿದ್ದರೆ, ಗಾಳ ಹಾಕುವ ಮುನ್ನ ಅವರನ್ನು ಕೇಳಿ.

ನಿಮ್ಮ ಹಿತ್ತಲಿನ ಹುಂಜ ಉದುರಿಸಿದ ಗರಿಗಳನ್ನು ನಾಳೆಯಿಂದಲೇ ಕೂಡಿಡಿ. ಕಾಡಿನ ಹುಂಜ ಕಾಡಿನಲ್ಲೇ ಕೂಗಿಕೊಂಡಿರಲಿ.