ಕನ್ನಡ ನಾಮಫಲಕ ಕೆತ್ತನೆಗೆ ಸಿ.ಎನ್.ಸಿ. ತಂತ್ರಾಂಶ: ಹೊಸ ಸೌಲಭ್ಯಗಳು ಹಾಗೂ ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಪೀಠಿಕೆ

ಅಂಗಡಿ, ಕಚೇರಿ, ಶಾಲೆ, ದೇವಸ್ಥಾನ ಮತ್ತು ಮನೆಗಳ ನಾಮಫಲಕಗಳನ್ನು ಮರ, ಕಲ್ಲು, ಹಿತ್ತಾಳೆ ಹಾಗೂ ಅಕ್ರಿಲಿಕ್ ಹಾಳೆಗಳ ಮೇಲೆ ಕೆತ್ತುವ ಕಾರ್ಯಕ್ಕೆ ಗಣಕಯಂತ್ರ ನಿಯಂತ್ರಿತ ಯಂತ್ರಗಳು, ಅಂದರೆ ಸಿ.ಎನ್.ಸಿ. ರೂಟರ್‌ಗಳು, ಅನೇಕ ಕಡೆ ಬಳಕೆಗೆ ಬಂದಿವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತರಲಾದ ತಿದ್ದುಪಡಿಯ ಅನ್ವಯ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಮತ್ತು ಕನ್ನಡವು ಫಲಕದ ಮೇಲ್ಭಾಗದಲ್ಲಿರಬೇಕು. ಆದ್ದರಿಂದ ಕನ್ನಡ ಅಕ್ಷರಗಳನ್ನು ಶುದ್ಧವಾಗಿ ಕೆತ್ತಬಲ್ಲ ಘಟಕಗಳ ಅಗತ್ಯವಿದೆ.

ಇಂತಹ ಘಟಕವನ್ನು ಸ್ಥಾಪಿಸಲು ಅಥವಾ ಕೈಕೆಲಸದಿಂದ ಯಂತ್ರದ ಕೆಲಸಕ್ಕೆ ಬದಲಾಗಲು ಸಾಲಕ್ಕಾಗಿ ಅರ್ಜಿ ಸಲ್ಲಿಸುವವರು ಯಂತ್ರದ ಬೆಲೆ ಮತ್ತು ಸಾಮರ್ಥ್ಯವನ್ನು ವಿಚಾರಿಸುತ್ತಾರೆಯೇ ಹೊರತು ತಂತ್ರಾಂಶದ ಬಗ್ಗೆ ಅಷ್ಟಾಗಿ ವಿಚಾರಿಸುವುದಿಲ್ಲ. ಕಾಗದದ ಮೇಲಿನ ತಪ್ಪನ್ನು ತಿದ್ದಬಹುದು. ಕಲ್ಲಿನಲ್ಲಿ ಕೆತ್ತಲಾದ ತಪ್ಪು ಅಕ್ಷರವನ್ನು ತಿದ್ದಲಾಗದು. ಆ ನಷ್ಟವನ್ನು ಘಟಕದ ಮಾಲೀಕರೇ ಭರಿಸಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ತಂತ್ರಾಂಶದ ಕಾರ್ಯ

ಕೆತ್ತನೆ ತಂತ್ರಾಂಶವು ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಅಕ್ಷರ ಅಥವಾ ಚಿತ್ರದ ಹೊರರೇಖೆಯನ್ನು ಪಡೆಯುತ್ತದೆ. ಎರಡನೆಯದಾಗಿ, ಬಿಟ್ ಯಾವ ದಾರಿಯಲ್ಲಿ, ಎಷ್ಟು ಆಳದಲ್ಲಿ ಮತ್ತು ಎಷ್ಟು ವೇಗದಲ್ಲಿ ಚಲಿಸಬೇಕೆಂಬುದನ್ನು ಲೆಕ್ಕ ಹಾಕುತ್ತದೆ. ಈ ದಾರಿಯನ್ನು ಟೂಲ್‌ಪಾತ್ ಎನ್ನುತ್ತಾರೆ. ಮೂರನೆಯದಾಗಿ, ಆ ಲೆಕ್ಕವನ್ನು ಯಂತ್ರಕ್ಕೆ ಅರ್ಥವಾಗುವ ಜಿ-ಕೋಡ್ ಆದೇಶಗಳಾಗಿ ಬರೆದುಕೊಡುತ್ತದೆ. ಮೂರನೆಯ ಹಂತವನ್ನು ನಿರ್ವಹಿಸುವ ಭಾಗಕ್ಕೆ ಪೋಸ್ಟ್ ಪ್ರೊಸೆಸರ್ ಎಂದು ಹೆಸರು. ಇದು ಯಂತ್ರದ ನಿಯಂತ್ರಕಕ್ಕೆ ಹೊಂದಿಕೆಯಾಗದಿದ್ದಲ್ಲಿ ಉತ್ತಮ ತಂತ್ರಾಂಶವೂ ನಿರುಪಯುಕ್ತವಾಗುತ್ತದೆ.

ಇತ್ತೀಚಿನ ಆವೃತ್ತಿಗಳಲ್ಲಿ ದೊರೆಯುವ ಪ್ರಮುಖ ಸೌಲಭ್ಯಗಳು

ವಿ-ಕಾರ್ವ್, ಆಸ್ಪೈರ್ ಮುಂತಾದ ಕೆತ್ತನೆ ತಂತ್ರಾಂಶಗಳ ಇತ್ತೀಚಿನ ಆವೃತ್ತಿಗಳಲ್ಲಿ ಕೆಳಕಂಡ ಸೌಲಭ್ಯಗಳಲ್ಲಿ ಹಲವು ಲಭ್ಯವಿರುತ್ತವೆ. ಇಲ್ಲಿ ಹೆಸರಿಸಿರುವುದು ಉದಾಹರಣೆಗಾಗಿ ಮಾತ್ರವೇ ಹೊರತು ಶಿಫಾರಸು ಅಲ್ಲ.

1. ಆಳದ ಮಿತಿಯೊಂದಿಗೆ ವಿ-ಕೆತ್ತನೆ: ವಿ ಆಕಾರದ ಬಿಟ್ ಅಕ್ಷರದ ಗೆರೆ ಅಗಲವಾದಲ್ಲಿ ಆಳಕ್ಕೆ ಇಳಿದು, ಕಿರಿದಾದಲ್ಲಿ ಮೇಲೆ ಏಳುತ್ತದೆ. 90 ಡಿಗ್ರಿ ಬಿಟ್ 10 ಮಿ.ಮೀ. ಅಗಲದ ಗೆರೆಗೆ 5 ಮಿ.ಮೀ. ಆಳಕ್ಕೆ ಇಳಿದರೆ, 60 ಡಿಗ್ರಿ ಬಿಟ್ ಸುಮಾರು 8.7 ಮಿ.ಮೀ. ಇಳಿಯುತ್ತದೆ. ಗೆರೆಯ ಅಗಲ 20 ಮಿ.ಮೀ. ಆದಲ್ಲಿ 60 ಡಿಗ್ರಿ ಬಿಟ್ 17 ಮಿ.ಮೀ.ಗೂ ಹೆಚ್ಚು ಇಳಿಯಬೇಕಾಗಿ, 12 ಮಿ.ಮೀ. ದಪ್ಪದ ಹಲಗೆ ತೂತಾಗುತ್ತದೆ. ಆಳಕ್ಕೆ ಮಿತಿ ನಿಗದಿಪಡಿಸಿದಲ್ಲಿ ತಂತ್ರಾಂಶವು ತಳವನ್ನು ಸಮತಟ್ಟಾಗಿ ಉಳಿಸಿ, ಅಂಚುಗಳನ್ನು ಮಾತ್ರ ಇಳಿಜಾರಾಗಿ ಕೆತ್ತುತ್ತದೆ. ಕನ್ನಡದ ದಪ್ಪ, ದುಂಡನೆಯ ಅಕ್ಷರಗಳಿಗೆ ಈ ಸೌಲಭ್ಯ ಅತ್ಯಗತ್ಯ.

2. ಉಳಿಕೆ ಕೆತ್ತನೆ: ಮೊದಲು ದೊಡ್ಡ ಬಿಟ್ ಹೆಚ್ಚಿನ ಭಾಗವನ್ನು ತೆಗೆಯುತ್ತದೆ. ಅದು ತಲುಪಲಾಗದ ಮೂಲೆಗಳಲ್ಲಿ ಮಾತ್ರ ಸಣ್ಣ ಬಿಟ್ ಓಡಾಡುತ್ತದೆ. ಇದರಿಂದ ಯಂತ್ರದ ಸಮಯ ಉಳಿಯುತ್ತದೆ ಮತ್ತು ಸಣ್ಣ ಬಿಟ್‌ಗಳು ಮುರಿಯುವುದು ಕಡಿಮೆಯಾಗುತ್ತದೆ.

3. ಅಚ್ಚುಕೂಡಿಕೆ: ಮರದ ಹಲಗೆಯಲ್ಲಿ ಗುಳಿ ತೆಗೆದು, ಹಿತ್ತಾಳೆಯ ಅಥವಾ ಬೇರೆ ಬಣ್ಣದ ಮರದ ಅಕ್ಷರವನ್ನು ಅದರಲ್ಲಿ ಕೂಡಿಸುವ ವಿಧಾನವಿದು. ಗುಳಿಗೂ ಅಕ್ಷರಕ್ಕೂ ನಡುವೆ ಬಿಡಬೇಕಾದ ಅಂತರವನ್ನು ಮತ್ತು ಮೂಲೆಗಳ ದುಂಡುತನವನ್ನು ತಂತ್ರಾಂಶವೇ ಹೊಂದಿಸುತ್ತದೆ.

4. ಮುನ್ನೋಟ: ಕೆತ್ತನೆ ಮುಗಿದ ನಂತರ ಫಲಕ ಹೇಗೆ ಕಾಣುವುದೆಂಬುದನ್ನು ಮೂರು ಆಯಾಮಗಳಲ್ಲಿ ಪರದೆಯ ಮೇಲೆ ತೋರಿಸಲಾಗುತ್ತದೆ. ಆದರೆ ಹೆಸರಿನಲ್ಲಿ ಕಾಗುಣಿತ ದೋಷವಿದೆಯೇ ಎಂಬುದನ್ನು ಮುನ್ನೋಟ ತಿಳಿಸುವುದಿಲ್ಲ.

5. ಹಾಳೆಯ ಮೇಲೆ ಜೋಡಣೆ: ಬಿಡಿ ಅಕ್ಷರಗಳನ್ನು ಕತ್ತರಿಸುವಾಗ ವ್ಯರ್ಥ ಕಡಿಮೆಯಾಗುವಂತೆ ತಂತ್ರಾಂಶವು ಅಕ್ಷರಗಳನ್ನು ತಿರುಗಿಸಿ, ಒತ್ತೊತ್ತಾಗಿ ಜೋಡಿಸುತ್ತದೆ.

6. ಲೇಸರ್ ಸೌಲಭ್ಯ: ಕೆಲವು ತಂತ್ರಾಂಶಗಳು ಯಂತ್ರಕ್ಕೆ ಅಳವಡಿಸಿದ ಲೇಸರನ್ನೂ ನಡೆಸಬಲ್ಲವು. ಪಿ.ವಿ.ಸಿ. ಹಾಳೆಗಳ ಮೇಲೆ ಲೇಸರ್ ಬಳಸಬಾರದು, ಪಿ.ವಿ.ಸಿ. ಸುಟ್ಟಾಗ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲವು ಶ್ವಾಸಕೋಶಕ್ಕೂ ಯಂತ್ರಕ್ಕೂ ಹಾನಿಕರ.

ಕನ್ನಡ ಅಕ್ಷರಗಳ ವಿಶೇಷ ಸಮಸ್ಯೆ

ಮೇಲಿನ ಎಲ್ಲ ಸೌಲಭ್ಯಗಳಿದ್ದರೂ ತಂತ್ರಾಂಶವು ಕನ್ನಡವನ್ನು ಸರಿಯಾಗಿ ಕೂಡಿಸದಿದ್ದಲ್ಲಿ ಪ್ರಯೋಜನವಿಲ್ಲ. ಇಂಗ್ಲಿಷ್‌ನಲ್ಲಿ ಒಂದರ ಪಕ್ಕ ಒಂದು ಅಕ್ಷರವನ್ನು ಇಟ್ಟರೆ ಸಾಕು. ಕನ್ನಡದಲ್ಲಿ ಗುಣಿತ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ತಮ್ಮ ಸ್ಥಾನದಲ್ಲಿ ಕೂಡಿಕೊಳ್ಳಬೇಕು. ‘ಲಕ್ಷ್ಮೀ’ ಎಂಬ ಹೆಸರು ಓದುಗರಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತಗಳ ಸಾಲು. ಈ ಸಾಲನ್ನು ಕೂಡಿಸುವ ವ್ಯವಸ್ಥೆ ಇಲ್ಲದ ತಂತ್ರಾಂಶದಲ್ಲಿ ಒತ್ತುಗಳು ಅಕ್ಷರದ ಕೆಳಗೆ ಬಾರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಈ ತೊಂದರೆ ಕಾಣದಿದ್ದರೂ, ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಅದೇ ಕಡತವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ಸರಳವಾಗಿದೆ. ಕನ್ನಡವನ್ನು ಸರಿಯಾಗಿ ಕೂಡಿಸುವ ಚಿತ್ರರಚನಾ ತಂತ್ರಾಂಶದಲ್ಲಿ, ಉದಾಹರಣೆಗೆ ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್‌ನಲ್ಲಿ, ಹೆಸರನ್ನು ಬರೆದು, ಅದನ್ನು ರೇಖಾಕೃತಿಯಾಗಿ ಪರಿವರ್ತಿಸಿ, ಎಸ್.ವಿ.ಜಿ. ಅಥವಾ ಡಿ.ಎಕ್ಸ್.ಎಫ್. ಕಡತವಾಗಿ ಕೆತ್ತನೆ ತಂತ್ರಾಂಶಕ್ಕೆ ಒಯ್ಯಬಹುದು. ಹೀಗೆ ಮಾಡುವಾಗ ಮೂರು ಅಂಶಗಳನ್ನು ಪರಿಶೀಲಿಸತಕ್ಕದ್ದು.

ಅ) ಗೆರೆಗಳ ಬೆಸುಗೆ: ಕೊಂಬು, ದೀರ್ಘ ಮುಂತಾದ ಚಿಹ್ನೆಗಳ ಹೊರರೇಖೆ ಮೂಲ ಅಕ್ಷರದ ಹೊರರೇಖೆಯ ಮೇಲೆ ಹಾದುಹೋಗಿರಬಹುದು. ಇವೆರಡನ್ನೂ ಒಂದೇ ಆಕೃತಿಯಾಗಿ ಬೆಸೆಯದಿದ್ದಲ್ಲಿ ಬಿಟ್ ಅಕ್ಷರದ ಒಳಗೇ ಗೆರೆ ಎಳೆಯುತ್ತದೆ.

ಆ) ಬಿಡಿ ಭಾಗಗಳ ಗುರುತು: ಹಾಳೆಯಿಂದ ಕತ್ತರಿಸುವ ಅಕ್ಷರಗಳಲ್ಲಿ ಒತ್ತು ಮತ್ತು ದೀರ್ಘ ಚಿಹ್ನೆಗಳು ಪ್ರತ್ಯೇಕ ತುಂಡುಗಳಾಗಿ ಬರಬಹುದು. ತಂತ್ರಾಂಶವು ಅವುಗಳನ್ನು ತಿರುಗಿಸಿ ಜೋಡಿಸಿದಾಗ ಯಾವ ಒತ್ತು ಯಾವ ಅಕ್ಷರದ್ದೆಂಬುದು ತಿಳಿಯದೆ ಹೋಗುತ್ತದೆ. ಪ್ರತಿ ತುಂಡಿಗೂ ಸಂಖ್ಯೆ ನೀಡಿ, ಅಂಟಿಸುವಾಗ ಬಳಸಲು ಪೂರ್ಣ ಅಳತೆಯ ಕಾಗದದ ನಕ್ಷೆಯನ್ನು ಇಟ್ಟುಕೊಳ್ಳುವುದು ಸೂಕ್ತ.

ಇ) ಅಳತೆಯ ತಾಳೆ: ಇಂಕ್‌ಸ್ಕೇಪ್ ತನ್ನ ಕಡತಗಳ ಅಳತೆಯ ಆಧಾರವನ್ನು 2017ರಲ್ಲಿ ಇಂಚಿಗೆ 90 ಬಿಂದುಗಳಿಂದ 96 ಬಿಂದುಗಳಿಗೆ ಬದಲಿಸಿತು. ಹಳೆಯ ಕಡತವನ್ನು ಹೊಸ ಆಧಾರದಲ್ಲಿ ಓದಿದಲ್ಲಿ 960 ಮಿ.ಮೀ. ಉದ್ದದ ಫಲಕ 900 ಮಿ.ಮೀ. ಆಗಬಹುದು. ಡಿ.ಎಕ್ಸ್.ಎಫ್. ಕಡತದಲ್ಲಿ ಇಂಚು ಮತ್ತು ಮಿಲಿಮೀಟರ್ ಅದಲುಬದಲಾದಲ್ಲಿ ವ್ಯತ್ಯಾಸ 25.4 ಪಟ್ಟು.

ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆ

ಮುಂಗಡ ಪಾವತಿಸುವ ಮೊದಲು ಮಾರಾಟಗಾರರ ಬಳಿ ‘ಲಕ್ಷ್ಮೀ ಸ್ಟೋರ್ಸ್, ಕರ್ನಾಟಕ’ ಎಂಬ ಪದಗಳನ್ನು ತಮ್ಮ ಎದುರಿನಲ್ಲಿಯೇ ಕೆತ್ತಿ ತೋರಿಸುವಂತೆ ಕೋರುವುದು ಒಳ್ಳೆಯದು. ಒತ್ತಿನ ಮೇಲೊಂದು ಒತ್ತು, ದೀರ್ಘ ಮತ್ತು ಅರ್ಕಾವತ್ತು ಮೂರೂ ಈ ಪದಗಳಲ್ಲಿವೆ. ಇಂಗ್ಲಿಷ್ ಅಕ್ಷರಗಳ ಮಾದರಿಯನ್ನು ಮಾತ್ರ ನೋಡಿ ತೃಪ್ತರಾಗಬಾರದು. ಇದರೊಂದಿಗೆ ಯಂತ್ರದ ನಿಯಂತ್ರಕಕ್ಕೆ ಹೊಂದುವ ಪೋಸ್ಟ್ ಪ್ರೊಸೆಸರ್ ಇದೆಯೇ, ತಂತ್ರಾಂಶದ ಪರವಾನಗಿ ಖರೀದಿದಾರರ ಹೆಸರಿನಲ್ಲಿ ದೊರೆಯುವುದೇ, ಮುಂದಿನ ಆವೃತ್ತಿಗೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಕಲ್ಲು ಕೆತ್ತುವ ಘಟಕಗಳಲ್ಲಿ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆ ಬರುವ ಅಪಾಯವಿರುವುದರಿಂದ, ನೀರು ಹಾಯಿಸುವ ಅಥವಾ ಧೂಳು ಹೀರುವ ವ್ಯವಸ್ಥೆಯ ವೆಚ್ಚವನ್ನೂ ಯೋಜನಾ ಅಂದಾಜಿನಲ್ಲಿ ಸೇರಿಸಬೇಕು.

ಅರ್ಜಿದಾರರ ಗಮನಕ್ಕೆ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಉದ್ಯಮ್ ನೋಂದಣಿಯು 1 ಜುಲೈ 2020ರಿಂದ ಜಾರಿಯಲ್ಲಿದೆ. ಇದು ಆಧಾರ್ ಆಧಾರಿತ ಸ್ವಯಂ ಘೋಷಣೆಯ ನೋಂದಣಿಯಾಗಿದ್ದು, ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಈ ನೋಂದಣಿಗಾಗಿ ಎಲ್ಲಿಯೂ ಹಣ ಪಾವತಿಸಬಾರದು.

17 ಸೆಪ್ಟೆಂಬರ್ 2023ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಕಸುಬುಗಳನ್ನು ಒಳಗೊಂಡಿದೆ. ಬಡಗಿಗಳು ಮತ್ತು ಶಿಲ್ಪಿಗಳು, ಕಲ್ಲು ಕೆತ್ತುವವರು ಈ ಪಟ್ಟಿಯಲ್ಲಿದ್ದಾರೆ. ನಾಮಫಲಕ ತಯಾರಿಕೆಯು ಪ್ರತ್ಯೇಕ ಕಸುಬಾಗಿ ಪಟ್ಟಿಯಲ್ಲಿಲ್ಲ. ಯೋಜನೆಯು ಕೈಯಿಂದ ಮತ್ತು ಉಪಕರಣಗಳಿಂದ ಕೆಲಸ ಮಾಡುವ ಸ್ವಯಂ ಉದ್ಯೋಗಿ ಕುಶಲಕರ್ಮಿಗಳಿಗೆ ಉದ್ದೇಶಿಸಿದ್ದಾಗಿದ್ದು, ಕುಟುಂಬದ ಒಬ್ಬ ಸದಸ್ಯರಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಅರ್ಜಿದಾರರು ತಾವು ನಿಜವಾಗಿ ಮಾಡುತ್ತಿರುವ ಕಸುಬನ್ನೇ ನಮೂದಿಸತಕ್ಕದ್ದು.

ಬ್ಯಾಂಕಿಗೆ ಸಲ್ಲಿಸುವ ದರಪಟ್ಟಿಯಲ್ಲಿ ಯಂತ್ರ, ತಂತ್ರಾಂಶ, ಬಿಟ್‌ಗಳು ಮತ್ತು ಧೂಳು ನಿವಾರಣೆಯ ವೆಚ್ಚಗಳನ್ನು ಪ್ರತ್ಯೇಕವಾಗಿ ತೋರಿಸಿದಲ್ಲಿ ಯಾವ ಬಾಬ್ತಿಗೆ ಎಷ್ಟು ಹಣ ಬೇಕೆಂಬುದು ಸ್ಪಷ್ಟವಾಗುತ್ತದೆ.

ಘಟಕ ಆರಂಭವಾದ ನಂತರವೂ ಪ್ರತಿ ಫಲಕಕ್ಕೆ ಒಂದು ಕ್ರಮವನ್ನು ಪಾಲಿಸುವುದು ಹಿತಕರ. ಹೆಸರನ್ನು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಗ್ರಾಹಕರಿಂದ ಓದಿಸಿ, ಅವರ ಸಹಿ ಪಡೆದು, ಕಡಿಮೆ ಬೆಲೆಯ ಹಲಗೆಯ ತುಂಡಿನ ಮೇಲೆ ಒಮ್ಮೆ ಕೆತ್ತಿ ನೋಡಿದ ಬಳಿಕವೇ ಕಲ್ಲನ್ನು ಅಥವಾ ಹಿತ್ತಾಳೆಯನ್ನು ಯಂತ್ರಕ್ಕೆ ಏರಿಸಬೇಕು.