ಮತಸ್ವಾತಂತ್ರ್ಯವೂ ಬುಕ್ಕರಾಯನ ಶಾಸನವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜನವರಿ 16ನೆಯ ದಿನವನ್ನು ಮತಸ್ವಾತಂತ್ರ್ಯ ದಿನವೆಂದು ಆಚರಿಸುವರು. 1786ರಲ್ಲಿ ಆ ದಿನ ವರ್ಜೀನಿಯದಲ್ಲಿ ಅಂಗೀಕೃತವಾದ, ಥಾಮಸ್ ಜೆಫರ್ಸನ್ನನು ರಚಿಸಿದ ಕಟ್ಟಳೆಯು, ಯಾವ ಮತದ ಪೋಷಣೆಗಾಗಿಯೂ ಯಾರನ್ನೂ ಬಲಾತ್ಕರಿಸಕೂಡದೆಂದು ವಿಧಿಸಿತು. ಕನ್ನಡನಾಡಿನಲ್ಲಿ ಇದಕ್ಕೆ ಸಮಾನವಾದುದನ್ನು ಅರಸುವವರು ಬಹುಮಟ್ಟಿಗೆ ದೇವಾಲಯಗಳನ್ನು ತೋರಿಸುವುದುಂಟು.

ತರೀಕೆರೆಯ ಸಮೀಪದ ಅಮೃತಾಪುರವನ್ನೇ ನೋಡಬಹುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ಶಿವಾಲಯ. ಆದರೂ ಅದರ ತೆರೆದ ಮಂಟಪದ ಹೊರಮೈಯಲ್ಲಿ ದಕ್ಷಿಣಕ್ಕೆ ರಾಮಾಯಣವೂ ಉತ್ತರಕ್ಕೆ ಕೃಷ್ಣಚರಿತೆ ಮತ್ತು ಭಾರತದ ಕಥೆಗಳೂ ಕೆತ್ತಲ್ಪಟ್ಟಿವೆ. ಇದು ಔದಾರ್ಯಕ್ಕೆ ಸಾಕ್ಷಿಯೇ ಹೊರತು ಸ್ವಾತಂತ್ರ್ಯಕ್ಕಲ್ಲ. ಕಟ್ಟಿಸಿದವನ ಇಷ್ಟದಿಂದ ಒದಗಿದ ಸಾಮರಸ್ಯವು ವ್ಯಾಜ್ಯವೆದ್ದಾಗ ನಿಲ್ಲುವುದೆಂಬ ಭರವಸೆಯಿಲ್ಲ. ಅದಕ್ಕೆ ಒರೆಗಲ್ಲು ಬೇರೆ ಇದೆ. ಅದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಶಕ 1290ರ, ಎಂದರೆ ಕ್ರಿ. ಶ. 1368ರ, ಶಾಸನ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ತಿರುಮಲೆ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ನೆರೆದಿರಲು, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಲಶವೂ ಮೊದಲಿನಂತೆ ಸಲ್ಲತಕ್ಕವೆಂದೂ, ಜೈನರಿಗಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕುದೆಂದೂ ಕಟ್ಟುಮಾಡಿದನು. ವಾದ್ಯ, ಕಲಶಗಳು ಅಲ್ಪವೆಂದು ತೋರಬಹುದು. ಅಂದಿನ ಬೀದಿಯಲ್ಲಿ ಒಂದು ಸಮಯದ ಮಾನವು ತಿಳಿಯುತ್ತಿದ್ದುದು ಅವುಗಳಿಂದಲೇ.

ಶಾಸನದ ಆರಂಭಶ್ಲೋಕವು ರಾಮಾನುಜರ ಸ್ತುತಿ! ಪಾಷಂಡಮತಗಳನ್ನು ಅಡಗಿಸಿದವರೆಂದು ಆಚಾರ್ಯರನ್ನು ಹೊಗಳಿ, ಅನಂತರ ಜೈನರಿಗೆ ಅಭಯವನ್ನು ಕೊಡುವ ಈ ಬರಹದಲ್ಲಿ ಬಲವು ಯಾರ ಪಕ್ಷದಲ್ಲಿದ್ದಿತೆಂಬುದು ಸ್ಪಷ್ಟವಾಗಿದೆ. ಅಭಯವೂ ಉಚಿತವಾಗಿರಲಿಲ್ಲ. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣವನ್ನು ತೆರಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನಿರಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣವು ಜೈನರ ದೇವರಿಗೇ ಸಲ್ಲುವುದೆಂಬುದು ನಿಜ. ಆದರೆ ವೆಚ್ಚಮಾಡುವ ಅಧಿಕಾರ ವೈಷ್ಣವನದು. ವರ್ಜೀನಿಯದ ಕಟ್ಟಳೆಯು ವ್ಯಕ್ತಿಯ ಅಂತಃಕರಣವನ್ನು ಕುರಿತುದು. ಬುಕ್ಕರಾಯನದು ಎರಡು ಸಮುದಾಯಗಳ ನಡುವಣ ಒಡಂಬಡಿಕೆ. ಇವೆರಡನ್ನೂ ಒಂದೇ ಎಂದು ಎಣಿಸುವುದು ಸರಿಯಲ್ಲ.

ಹಳೇಬೀಡಿನ 1638ರ ಶಾಸನದಲ್ಲಿಯೂ ಇದೇ ರೀತಿಯು ಕಾಣುವುದು. ಅಲ್ಲಿ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದುದರಿಂದ ಹುಟ್ಟಿದ ಕಲಹವನ್ನು ವೀರಶೈವ ಮುಖಂಡರೇ ತೀರ್ಮಾನಿಸಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆಯನ್ನು ನಡೆಸಿಕೊಳ್ಳಬಹುದೆಂದು ಬರೆಯಿಸಿದರು.