ನಮ್ಮ ಮನೆಯ ಇಬ್ಬರು ಮಧುಮೇಹಿಗಳು

"ಬೆಕ್ಕಿಗೂ ಸಕ್ಕರೆ ಕಾಯಿಲೆಯೇ?" ಈ ಲೇಖನದ ವಿಷಯವನ್ನು ಕೇಳಿದ ಮಿತ್ರರೆಲ್ಲರೂ ಹೀಗೆಂದು ನಕ್ಕರು. ಒಂದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಕಲಾವಿಭಾಗದ ವಿದ್ಯಾರ್ಥಿ ವೈದ್ಯಶಾಸ್ತ್ರದ ಮಾತೆತ್ತುವುದು ಅಧಿಕಪ್ರಸಂಗವೆಂದರೆ ಅದನ್ನೂ ಒಪ್ಪುತ್ತೇನೆ. ಆದರೆ ಹತ್ತು ತಿಂಗಳಿಂದ ದಿನಕ್ಕೆರಡು ಬಾರಿ ಸೂಜಿ ಹಿಡಿದು ಕಲಿತದ್ದನ್ನೂ, ಒಂದು ರಾತ್ರಿ ನನ್ನ ಅಜಾಗರೂಕತೆಯಿಂದಾದ ಅನರ್ಥವನ್ನೂ ಬರೆದಿಟ್ಟರೆ, ಮನೆಯಲ್ಲಿ ಮಧುಮೇಹಿಗಳಿರುವ ಸಹಪಾಠಿಗಳಿಗೆ ಉಪಯೋಗವಾದೀತೆಂದು ಈ ಸಾಹಸಕ್ಕೆ ಕೈಹಾಕಿದ್ದೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ನಮ್ಮದು ರಾಗಿ, ಹಿಪ್ಪುನೇರಳೆ, ರೇಷ್ಮೆಹುಳುವಿನ ಸಂಸಾರ. ಹುಳುಮನೆಯುಳ್ಳವರಿಗೆ ಬೆಕ್ಕು ಶೋಕಿಯ ಪ್ರಾಣಿಯಲ್ಲ. ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಹುಳುವನ್ನು ಇಲಿಗಳು ಒಂದೇ ರಾತ್ರಿಯಲ್ಲಿ ಹಾಳುಮಾಡಬಲ್ಲವು. ಆ ಇಲಿಗಳಿಂದ ನಮ್ಮನ್ನು ಒಂಬತ್ತು ವರ್ಷ ಕಾಪಾಡಿದ್ದು ನಮ್ಮ ಗಂಡುಬೆಕ್ಕು. ಆಂಧ್ರದ ಗಡಿ ಹತ್ತಿರವಾದ್ದರಿಂದ ನಮ್ಮ ಕಡೆ ತೆಲುಗೂ ಮನೆಮಾತೇ. ಅಜ್ಜಿ ಅದನ್ನು 'ಪಿಲ್ಲಿ' ಎಂದು ಕರೆದಳು, ಅದೇ ಹೆಸರಾಯಿತು. ಅಜ್ಜಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ನಾನು ಪಿ.ಯು.ಸಿ.ಗೆ ಸೇರಿದಂದಿನಿಂದ ಅವಳಿಗೆ ಇನ್ಸುಲಿನ್ ಚುಚ್ಚುವ ಕೆಲಸ ನನ್ನದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಾದ್ದರಿಂದ ಸೀಸೆಯ ಮೇಲಿನ ಅಕ್ಷರಗಳನ್ನು ಓದುವ ಭಾರವೂ ನನ್ನ ಪಾಲಿಗೇ ಬಂತು.

ಕಳೆದ ಬೇಸಿಗೆಯಲ್ಲಿ ಪಿಲ್ಲಿಯ ಸ್ವಭಾವ ಬದಲಾಯಿತು. ದಿನಕ್ಕೊಮ್ಮೆ ನೀರಿಗೆ ಬಾಯಿಡುತ್ತಿದ್ದ ಬೆಕ್ಕು ದನದ ತೊಟ್ಟಿಯ ಬಳಿಯೇ ಕಾಯತೊಡಗಿತು. ಎಷ್ಟು ತಿಂದರೂ ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ನೆಗೆಯುವುದು ನಿಂತಿತು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ಮನುಷ್ಯರಂತೆ ನಡೆಯಲಾರಂಭಿಸಿತು. ಒಂದು ಬೆಳಿಗ್ಗೆ ಹಿತ್ತಲ ಮೂಲೆಯಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಇರುವೆಗಳು ಮುತ್ತಿದ್ದವು. ಅಜ್ಜಿ ಅದನ್ನೇ ನೋಡುತ್ತ ನಿಂತು, "ಇದಕ್ಕೂ ನಂದೇ ರೋಗ ಕಣಪ್ಪಾ" ಎಂದಳು.

ಅಜ್ಜಿ ಓದಿದವಳಲ್ಲ. ಆದರೆ ಈ ಲಕ್ಷಣ ಚರಕಸಂಹಿತೆಯಲ್ಲಿಯೂ ಬಂದಿದೆಯೆಂದು ನಾನು ಆಮೇಲೆ ತಿಳಿದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರವು. ಸಕ್ಕರೆಯು ನೀರನ್ನು ಜೊತೆಗೆಳೆದುಕೊಂಡು ಹೊರಬೀಳುತ್ತದೆ. ಮನುಷ್ಯರಲ್ಲಿ ಈ ಮಿತಿ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 180 ಮಿಲಿಗ್ರಾಂ. ಬೆಕ್ಕುಗಳಲ್ಲಿ ಇನ್ನೂ ಹೆಚ್ಚು, 250ರ ಮೇಲೆಯೇ. ನೀರು ಹೋದಂತೆ ಬಾಯಾರಿಕೆ. ಅನ್ನವು ಮೈಗೆ ಹತ್ತದಿದ್ದರಿಂದ ಹಸಿವು ಮತ್ತು ಸೊರಗು. ಹಿಂಗಾಲಿನ ದೌರ್ಬಲ್ಯಕ್ಕೆ ಕಾರಣ ನರಗಳಿಗೆ ತಗಲಿದ ಪೆಟ್ಟು.

ಇನ್ಸುಲಿನ್ನಿನ ಚರಿತ್ರೆಗೂ ಮೂಕಪ್ರಾಣಿಗಳಿಗೂ ಬಿಡದ ನಂಟು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬುವರು ನಾಯಿಯೊಂದರ ಮೇದೋಜೀರಕಾಂಗವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ರೋಗದ ಬೇರು ಎಲ್ಲಿದೆಯೆಂದು ಲೋಕಕ್ಕೆ ತಿಳಿಯಿತು. 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಅಂಗದ ಸಾರವನ್ನು ತೆಗೆದು ನಾಯಿಗಳ ಮೇಲೆ ಪ್ರಯೋಗಿಸಿದರು. 1922ರ ಜನವರಿಯಲ್ಲಿ ಲಿಯೋನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗ ಅದನ್ನು ಪಡೆದ ಮೊದಲ ರೋಗಿಯಾದನು. ಸಂಶೋಧಕರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ನಾಯಿಗಳಿಂದ ಮನುಷ್ಯನಿಗೆ ಬಂದ ಔಷಧ ಇಂದು ಮನುಷ್ಯನ ಅಂಗಡಿಯಿಂದ ಬೆಕ್ಕಿಗೆ ಹೋಗುತ್ತಿದೆ. ಸಾಲ ತೀರಿಸಿದಂತೆಯೇ ಅಲ್ಲವೇ?

ಮುಳಬಾಗಿಲಿನಲ್ಲಿ ಒಬ್ಬ ಪಶುವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿ ಅಜ್ಜಿಯ ಮಾತನ್ನೇ ಹೇಳಿದರು. ಭಯಗೊಂಡ ಬೆಕ್ಕಿನ ರಕ್ತದಲ್ಲಿ ಕಾಯಿಲೆಯಿಲ್ಲದೆಯೂ ಸಕ್ಕರೆ ಏರುವುದುಂಟು. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಬಾರದು. ವಯಸ್ಸಾದ, ಬೊಜ್ಜು ಬೆಳೆದ ಗಂಡುಬೆಕ್ಕುಗಳಿಗೆ ಈ ರೋಗ ಹೆಚ್ಚು. ನಾವು ಪ್ರೀತಿಯಿಂದ ಹಾಕುತ್ತಿದ್ದ ಹಾಲು ಅನ್ನವೂ ಅದಕ್ಕೆ ಒಳ್ಳೆಯದಾಗಿರಲಿಲ್ಲ. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ.

ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ನಿನ್ನ ಅಜ್ಜಿ ಔಷಧಿಗೇ ಸಾಲ್ತಿಲ್ಲ. ಬೆಕ್ಕಿಗೆ ಸೂಜಿ ಅಂದ್ರೆ ಊರೋರು ನಗಲ್ವಾ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಸಲ ಗೂಡಿನ ಬೆಲೆ ಬಿದ್ದಿತ್ತು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಹೇಳಿದಳು: "ಇಲಿ ಹಿಡಿದೂ ಹಿಡಿದೂ ಈ ಹುಡುಗನ ಓದಿಗೆ ಕಾಸು ಉಳಿಸಿಕೊಟ್ಟಿದ್ದು ಯಾರು? ನನಗೆ ಚುಚ್ಚೋ ಹೊತ್ಗೆ ಅದಕ್ಕೂ ಒಂದು ಚುಚ್ಚಲಿ." ಅಪ್ಪ ಮರುಮಾತಾಡಲಿಲ್ಲ.

ಖರ್ಚನ್ನು ತಗ್ಗಿಸಲು ವೈದ್ಯರೇ ದಾರಿ ತೋರಿಸಿದರು. ಪಿಲ್ಲಿಗೆ ಬರೆದುಕೊಟ್ಟದ್ದು ಗ್ಲಾರ್ಜಿನ್ ಎಂಬ ನಿಧಾನವಾಗಿ ಕೆಲಸಮಾಡುವ ಇನ್ಸುಲಿನ್. ಮೊದಲು ಹೊತ್ತಿಗೆ ಒಂದು ಯೂನಿಟ್, ಆಮೇಲೆ ಎರಡು. ಎಂದರೆ ದಿನಕ್ಕೆ ನಾಲ್ಕು. ತೆರೆದ ಸೀಸೆಯನ್ನು 28 ದಿನಗಳಿಗಿಂತ ಹೆಚ್ಚು ಬಳಸಬಾರದಾದ್ದರಿಂದ ನಮಗೆ ಬೇಕಾದುದು 112 ಯೂನಿಟ್ ಮಾತ್ರ. ಹತ್ತು ಮಿಲಿಲೀಟರಿನ ಸೀಸೆಯಲ್ಲಿ 1000 ಯೂನಿಟ್ ಇರುತ್ತದೆ, ಬಹುಪಾಲು ಚೆಲ್ಲಬೇಕು. ಮೂರು ಮಿಲಿಲೀಟರಿನ ಚಿಕ್ಕ ಕಾರ್ಟ್ರಿಜ್ಜಿನಲ್ಲಿ 300 ಯೂನಿಟ್. ಅದನ್ನೇ ಕೊಂಡೆವು.

ನಮ್ಮಲ್ಲಿ ಫ್ರಿಜ್ಜಿಲ್ಲ. ಆದುದರಿಂದ ಒಂದೊಂದನ್ನೇ ತರುತ್ತೇವೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಔಷಧವನ್ನು ಡಬ್ಬಿಯಲ್ಲಿ ಮುಚ್ಚಿ ಒಳಗಿಡುತ್ತೇವೆ. ಮರಳಿನ ನೀರು ಆರುತ್ತಾ ಒಳಗನ್ನು ತಂಪಾಗಿಡುತ್ತದೆ. ತೆರೆದ ಇನ್ಸುಲಿನ್ 30 ಡಿಗ್ರಿಯೊಳಗಿದ್ದರೆ ಸಾಕು. ಬಿಸಿಲು ತಾಗಬಾರದು, ಹೆಪ್ಪುಗಟ್ಟಲೂ ಬಾರದು.

ಚುಚ್ಚುವುದು ನಾವು ಹೆದರಿದಷ್ಟು ಕಷ್ಟವಲ್ಲ. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ತಟ್ಟೆಯಿಟ್ಟು, ಅದು ತಿನ್ನುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ, ಸೂಜಿಯನ್ನು ಓರೆಯಾಗಿ ತೂರಿಸಿದರೆ ಆಯಿತು. ಸಣ್ಣ ಸೂಜಿಯಾದ್ದರಿಂದ ಪಿಲ್ಲಿ ತಲೆಯನ್ನೂ ಎತ್ತುವುದಿಲ್ಲ. ನಿಯಮಗಳು ಕೆಲವೇ. ತಿನ್ನದಿದ್ದ ಹೊತ್ತು ವೈದ್ಯರನ್ನು ಕೇಳದೆ ಚುಚ್ಚಬಾರದು. ಚುಚ್ಚಿದೆನೋ ಇಲ್ಲವೋ ಎಂಬ ಸಂದೇಹ ಬಂದರೆ ಆ ಹೊತ್ತಿನದನ್ನು ಬಿಡಬೇಕೇ ಹೊರತು ಮತ್ತೊಮ್ಮೆ ಕೊಡಕೂಡದು. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರೀತು. ಎರಡು ಬಾರಿ ಬಿದ್ದರೆ ಪ್ರಾಣವೇ ಹೋದೀತು. ಊಟವಾಗಿ ಕೋಳಿ ಅಂಗಡಿಯಿಂದ ಅಗ್ಗಕ್ಕೆ ಸಿಗುವ ತುಣುಕುಗಳನ್ನು ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ, ಮೂಳೆ ತೆಗೆದು ಕೊಡುತ್ತೇವೆ. ಈರುಳ್ಳಿ ಬೆಕ್ಕಿಗೆ ವಿಷ. ಅನ್ನವನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ಊಟ ಬದಲಾದಂತೆ ಇನ್ಸುಲಿನ್ನಿನ ಅಗತ್ಯವೂ ಇಳಿಯುವುದರಿಂದ ವೈದ್ಯರನ್ನು ಕೇಳುತ್ತಾ ಕ್ರಮವಾಗಿ ಬಿಡಿಸಿದೆವು. ವಾರಕ್ಕೊಮ್ಮೆ ಗೂಡು ತೂಗುವ ತಕ್ಕಡಿಯಲ್ಲೇ ಅದನ್ನೂ ತೂಗಿ, ಕುಡಿದ ನೀರಿನ ಅಳತೆಯೊಡನೆ ನೋಟುಪುಸ್ತಕದಲ್ಲಿ ಬರೆಯುತ್ತೇನೆ.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆದೆನೆಂದರೂ ಸಲ್ಲುತ್ತದೆ.

ನಮ್ಮ ದೇಶದ ಅಂಗಡಿಗಳಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲಗಳಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು ಒಂದು, 100 ಯೂನಿಟ್ಟಿನದು ಇನ್ನೊಂದು. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಅಜ್ಜಿಯದು 40ರ ಔಷಧ. ಹಾಲಿನಂತೆ ಮಸುಕು, ಅಂಗೈಗಳ ನಡುವೆ ಹೊರಳಿಸಿ ಬಳಸುವಂಥದು. ಪಿಲ್ಲಿಯದು 100ರದು, ನೀರಿನಂತೆ ತಿಳಿ.

ಐದನೆಯ ಸೆಮಿಸ್ಟರಿನ ಪರೀಕ್ಷೆಯ ಹಿಂದಿನ ಸಂಜೆ. ಕಿತ್ತಳೆ ಮುಚ್ಚಳದ ಸಿರಿಂಜುಗಳು ಮುಗಿದಿದ್ದವು. ಮುಳಬಾಗಿಲಿಗೆ ಹೋಗಿಬರಲು ಹೊತ್ತಿರಲಿಲ್ಲ. ಅಜ್ಜಿಯ ಪೊಟ್ಟಣದಿಂದ ಕೆಂಪು ಮುಚ್ಚಳದ ಹೊಸ ಸಿರಿಂಜು ತೆಗೆದುಕೊಂಡೆ. ಯೂನಿಟ್ ಎಂದರೆ ಯೂನಿಟ್ಟೇ ತಾನೇ ಎಂದುಕೊಂಡು ಎರಡರ ಗೆರೆಗೆ ಎಳೆದು ಚುಚ್ಚಿದೆ. ಲೆಕ್ಕ ಹೀಗಿದೆ: ಕೆಂಪು ಸಿರಿಂಜಿನ ಎರಡರ ಗೆರೆಯೆಂದರೆ ಒಂದು ಮಿಲಿಲೀಟರಿನ ನಲವತ್ತರಲ್ಲಿ ಎರಡು ಪಾಲು, ಅಂದರೆ 0.05 ಮಿಲಿಲೀಟರ್. 100ರ ಔಷಧದಲ್ಲಿ ಅಷ್ಟಕ್ಕೆ ಐದು ಯೂನಿಟ್. ಎರಡು ಕೊಟ್ಟೆನೆಂದು ತಿಳಿದು ಎರಡೂವರೆ ಪಟ್ಟು ಕೊಟ್ಟಿದ್ದೆ. ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕವನ್ನು ಬಿ.ಎ. ಓದುವವನು ಮಾಡಲಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಓದುತ್ತಿದ್ದ ನನ್ನ ಬಳಿಗೆ ಪಿಲ್ಲಿ ಕುಡಿದವನಂತೆ ತೂರಾಡುತ್ತ ಬಂದು ಪಕ್ಕಕ್ಕೆ ಉರುಳಿತು. ಬಾಯಲ್ಲಿ ಜೊಲ್ಲು, ಮೈಯೆಲ್ಲ ನಡುಕ. ಹಾವು ಕಚ್ಚಿತೇನೋ ಎಂದು ನಾನು ಬ್ಯಾಟರಿ ಹುಡುಕುತ್ತಿದ್ದೆ. ಅಜ್ಜಿ ಎದ್ದು ಬಂದು ಒಮ್ಮೆ ನೋಡಿದಳು. "ಹಾವೂ ಇಲ್ಲ, ಏನೂ ಇಲ್ಲ. ಸಕ್ಕರೆ ಇಳಿದುಬಿಟ್ಟಿದೆ. ನನಗೂ ಹಿಂಗೇ ಆಗ್ತದೆ. ಜೇನು ತಾ ಬಿರ್ನೆ!" ಎಂದಳು. ಜೇನನ್ನು ಬೆರಳಿಗೆ ಹಚ್ಚಿಕೊಂಡು ಅದರ ವಸಡಿಗೆ ತಿಕ್ಕಿದಳು. ನಾನು ಸಕ್ಕರೆ ನೀರನ್ನು ಬಾಯಿಗೆ ಹುಯ್ಯಲು ಹೋದಾಗ ಕೈ ತಡೆದಳು. ನುಂಗಲಾರದ ಪ್ರಾಣಿಗೆ ನೀರು ಹುಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಿವಿಯಂಚನ್ನು ಚುಚ್ಚಿ ಅಜ್ಜಿಯ ಮೀಟರಿನಲ್ಲೇ ನೋಡಿದೆ: 38. ಮನುಷ್ಯರ ಮೀಟರು ಬೆಕ್ಕಿನ ರಕ್ತಕ್ಕೆ ಕೊಂಚ ಕಡಿಮೆ ತೋರಿಸುತ್ತದಾದರೂ ಆ ಅಂಕಿ ಅಪಾಯದ್ದೇ.

ವೈದ್ಯರು ಫೋನಿನಲ್ಲಿ ಸಿಕ್ಕಿದರು. ಹತ್ತು ನಿಮಿಷದಲ್ಲಿ ಅದು ತಲೆಯೆತ್ತಿದ ಮೇಲೆ ಊಟ ಕೊಡಿಸಿದರು. ಇದು ನಿಧಾನದ ಇನ್ಸುಲಿನ್ನಾದ್ದರಿಂದ ಜೇನಿನ ಬಲ ಮುಗಿದ ಮೇಲೆ ಸಕ್ಕರೆ ಮತ್ತೆ ಇಳಿಯಬಹುದೆಂದು ಎಚ್ಚರಿಸಿ, ಅರ್ಧ ಗಂಟೆಗೊಮ್ಮೆ ನೋಡುತ್ತಿರಲು ಹೇಳಿದರು. ಬೆಳಗಿನ ಸೂಜಿಯನ್ನು ನಿಲ್ಲಿಸಿ ತಕ್ಷಣ ಕರೆತರಲು ತಿಳಿಸಿದರು. ಬೆಳಗಾಗುವವರೆಗೆ ನಾನೂ ಅಜ್ಜಿಯೂ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆವು. ನಾನು ಪರೀಕ್ಷೆಗೆ ಹೋದೆ. ಅಪ್ಪನೇ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಊರವರ ನಗುವಿನ ಮಾತನ್ನು ಅಂದು ಅವರು ಎತ್ತಲಿಲ್ಲ.

ಆ ರಾತ್ರಿ ನನ್ನನ್ನು ಹೆಚ್ಚು ಕಾಡಿದ ಯೋಚನೆ ಬೇರೆ. ತಪ್ಪು ತಿರುಗುಮುರುಗಾಗಿ, 100ರ ಔಷಧವು ಕೆಂಪು ಸಿರಿಂಜಿನಿಂದ ಅಜ್ಜಿಯ ಮೈಗೆ ಹೋಗಿದ್ದರೆ? ಅವಳದು ಎರಡು ಯೂನಿಟ್ಟಲ್ಲ, ಹದಿನೆಂಟು. ನಿದ್ದೆಯಲ್ಲೇ ಸಕ್ಕರೆ ಇಳಿದಿದ್ದರೆ ಗುರುತಿಸುವವರು ಯಾರಿದ್ದರು? ಮರುದಿನವೇ ಎರಡು ಡಬ್ಬಿಗಳನ್ನು ತಂದು, ಒಂದರ ಮೇಲೆ ಅಜ್ಜಿಯ ಕುಂಕುಮದಿಂದ, ಇನ್ನೊಂದರ ಮೇಲೆ ಅರಿಶಿನದಿಂದ ಬೊಟ್ಟಿಟ್ಟೆ. ಕೆಂಪು ಮುಚ್ಚಳ ಕುಂಕುಮದ ಡಬ್ಬಿಯಲ್ಲಿ, ಕಿತ್ತಳೆ ಮುಚ್ಚಳ ಅರಿಶಿನದ ಡಬ್ಬಿಯಲ್ಲಿ, ಔಷಧಗಳೂ ಹಾಗೆಯೇ. ಈಗ ಓದು ಬಾರದ ಅಜ್ಜಿಯೂ ನನ್ನ ಕೈಯಲ್ಲಿರುವುದು ಸರಿಯೋ ತಪ್ಪೋ ಎಂದು ನೋಡಿ ಹೇಳಬಲ್ಲಳು. ಹೇಳುತ್ತಾಳೆ ಕೂಡ, ಪ್ರತಿದಿನ.

ಇನ್ನೊಂದು ಎಚ್ಚರಿಕೆ. ಮಧುಮೇಹಿ ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿಕೊಂಡು, ಮಂಕಾಗಿ ಬಿದ್ದುಕೊಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ಸಕ್ಕರೆಯನ್ನು ಬಳಸಲಾರದ ದೇಹವು ಕೊಬ್ಬನ್ನು ಸುಡುತ್ತ ರಕ್ತವನ್ನು ಆಮ್ಲವಾಗಿಸುವ ಸ್ಥಿತಿ ಅದಾಗಿರಬಹುದು.

ಬೇಗ ಹಿಡಿತಕ್ಕೆ ತಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದುಂಟಂತೆ. ಪಿಲ್ಲಿ ಆ ಭಾಗ್ಯವನ್ನು ಇನ್ನೂ ಕಂಡಿಲ್ಲ. ಆದರೆ ಎರಡು ಯೂನಿಟ್ ಈಗ ಒಂದಕ್ಕೆ ಇಳಿದಿದೆ. ಹಿಮ್ಮಡಿಯೂರುವುದು ಬಹುಮಟ್ಟಿಗೆ ನಿಂತಿದೆ. ಕಳೆದ ತಿಂಗಳು ಹುಳುಮನೆಯ ಬಾಗಿಲಲ್ಲಿ ಒಂದು ಇಲಿಯನ್ನು ತಂದು ಹಾಕಿತ್ತು. ಅಪ್ಪ ಅದನ್ನು ನೋಡಿ, "ಫೀಸು ಕಟ್ಟಿದೆ ನೋಡು" ಎಂದರು.

ಸಹಪಾಠಿಗಳೇ, ನಿಮ್ಮ ಮನೆಯಲ್ಲಿ ತಂದೆಗೋ ಅಜ್ಜನಿಗೋ ಇನ್ಸುಲಿನ್ ಚುಚ್ಚುವವರು ನೀವಾಗಿದ್ದರೆ, ಇಂದು ಸಂಜೆ ಮನೆಗೆ ಹೋದೊಡನೆ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಒಮ್ಮೆ ಹೋಲಿಸಿ ನೋಡಿ. ನನ್ನ ಕೋರಿಕೆ ಇಷ್ಟೇ.

— ಅಂತಿಮ ಬಿ.ಎ. ವಿದ್ಯಾರ್ಥಿ, ತಾಯಲೂರು